ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದವನ ಫೋಟೋ

ಆ ಫೋಟೋ ತೆಗೆದವನು ನಾನೇ.

ಎರಡು ತಿಂಗಳಿಂದ ಈ ಮಾತನ್ನು ಬಚ್ಚಿಟ್ಟುಕೊಂಡಿದ್ದೇನೆ. ಇವತ್ತು ಹೇಳಿಬಿಡುತ್ತೇನೆ.

ರೈಲ್ವೆಯಲ್ಲಿ ಟ್ರಾನ್ಸ್‌ಫರ್ ಆಗಿ ಕಾಶಿಗೆ ಬಂದು ನಾಲ್ಕು ವರ್ಷವಾಯಿತು. ಬಂಗಾಲಿ ಟೋಲಾದ ಒಂದು ಗಲ್ಲಿಯಲ್ಲಿ ಬಾಡಿಗೆ ಮನೆ. ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ನನಗೆ 'ಕೊತ್ವಾಲರು', ಅಂದರೆ ಊರು ಕಾಯುವವರು, ಎಂದೇ ಹೆಸರು.

ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಗಾದರೆ ಹಿಂದಿ ಪೇಪರ್ ಹಿಡಿದು ಕೂರುತ್ತಿದ್ದೆ. ಎಲ್ಲಿ ಚಾಕು ಹಾಕಿದರು, ಎಲ್ಲಿ ಸರ ಕಿತ್ತರು, ಯಾವ ಚೌಕದಲ್ಲಿ ಸಣ್ಣ ಮಾತಿಗೆ ನಾಡ ಪಿಸ್ತೂಲು ತೆಗೆದರು... ಎಲ್ಲದರ ಫೋಟೋ ಹೊಡೆದು ಗ್ರೂಪಿಗೆ. ಕೆಳಗೆ ಒಂದು ಸಾಲು, 'ಊರು ಕೆಡುತ್ತಿದೆ, ಹುಷಾರು.'

ಕೈಮುಗಿದ ಎಮೋಜಿಗಳು ಸಾಲಾಗಿ ಬರುತ್ತಿದ್ದವು. ಸುಳ್ಳು ಯಾಕೆ ಹೇಳಲಿ, ಅದು ನನಗೆ ಹಿತವಾಗಿತ್ತು.

ನಮ್ಮ ಗಲ್ಲಿಯ ಲಾಡ್ಜಿನ ಕೆಳಗಿನ ಕೋಣೆಯಲ್ಲಿ ಶಾಂತಕ್ಕ ಎಂಬ ಅಜ್ಜಿ ಇದ್ದಾರೆ. ಧಾರವಾಡದ ಕಡೆಯವರು. ಗಂಡ ಹೋದ ಮೇಲೆ ಕಾಶಿವಾಸಕ್ಕೆಂದು ಬಂದು ಇಲ್ಲೇ ಉಳಿದವರು. ದಿನಾ ಬೆಳಿಗ್ಗೆ ಕೇದಾರ ಘಾಟಿಗೆ ಹೋಗಿ ಮುಳುಗು ಹಾಕಿ, ಒದ್ದೆ ಸೀರೆಯಲ್ಲೇ ವಾಪಸ್.

ಜನವರಿಯಲ್ಲಿ ಒಂದು ದಿನ ಬಾಲ್ಕನಿಯಿಂದ ನೋಡುತ್ತೇನೆ, ಅವರ ಹಿಂದೆ ಒಬ್ಬ ಗಂಡಸು. ಮುಖಕ್ಕೆ ಗಮ್ಛಾ ಟವೆಲ್ ಸುತ್ತಿದ್ದಾನೆ, ಕೈಯಲ್ಲಿ ಕೋಲು. ಅವರು ನಿಂತರೆ ನಿಲ್ಲುತ್ತಾನೆ, ನಡೆದರೆ ನಡೆಯುತ್ತಾನೆ. ಸರಿಯಾಗಿ ಹತ್ತು ಹೆಜ್ಜೆ ಹಿಂದೆ.

ಮರುದಿನವೂ ಅದೇ. ಮೂರನೆಯ ದಿನವೂ ಅದೇ.

ಮೆಟ್ಟಿಲಿಳಿದು ಅಜ್ಜಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಫೋಟೋ ತೆಗೆದೆ. 'ಈತ ಒಂಟಿ ಅಜ್ಜಿಯರ ಬೆನ್ನು ಹತ್ತುವ ಕಳ್ಳ. ನೋಡಿಕೊಳ್ಳಿ' ಎಂದು ಬರೆದು ಗ್ರೂಪಿಗೆ ಹಾಕಿ ಸ್ನಾನಕ್ಕೆ ಹೋದೆ.

ಕನ್ನಡದಲ್ಲಿ ಬರೆದಿದ್ದೆ. ನಮ್ಮ ನಮ್ಮಲ್ಲೇ ಇರುತ್ತದೆ ಎಂಬ ಧೈರ್ಯ.

ಆದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗೂ ಗೊತ್ತಿರಲಿ ಎಂದು ಯಾರೋ ಅದನ್ನು ಹಿಂದಿಗೆ ಹಾಕಿದರು. ಅನುವಾದದಲ್ಲಿ ಒಂದು ತಪ್ಪೂ ಇರಲಿಲ್ಲ. ಸಂಜೆಯೊಳಗೆ ಅದು ಗಲ್ಲಿಯ ಎಲ್ಲರ ಮೊಬೈಲಿನಲ್ಲಿತ್ತು.

ಮರುದಿನ ಬೆಳಿಗ್ಗೆ ಕೆಳಗೆ ಗಲಾಟೆ. ನಾಲ್ಕೈದು ಜನ ಅವನನ್ನು ನೆಲಕ್ಕೆ ಕೆಡವಿ, ಅವನದೇ ಕೋಲು ಕಿತ್ತುಕೊಂಡು ಹೊಡೆಯುತ್ತಿದ್ದಾರೆ.

ಹೇಳಲು ನಾಚಿಕೆಯಾಗುತ್ತದೆ... ಮೊದಲ ಕ್ಷಣ ನನಗೆ ಹೆಮ್ಮೆಯಾಯಿತು. ಸಿಕ್ಕಿಬಿದ್ದನಲ್ಲ ಎಂದು.

ಅಷ್ಟರಲ್ಲಿ ಮುಂದೆ ಹೋಗಿದ್ದ ಶಾಂತಕ್ಕ ತಿರುಗಿ ಬಂದರು. ಸ್ನಾನ ಮುಗಿಸಿ ಬಂದ ಮಡಿಯಲ್ಲಿ ಯಾರ ನೆರಳೂ ಸೋಕಗೊಡದ ಹೆಂಗಸು, ಗುಂಪಿನೊಳಗೆ ನುಗ್ಗಿ, ಕೂತು, ಅವನ ರಕ್ತ ಹತ್ತಿದ ತಲೆಯನ್ನು ಒದ್ದೆ ಸೀರೆಯ ಮಡಿಲಿಗೆ ಎಳೆದುಕೊಂಡರು.

"ಬಿಡ್ರೋ! ಗೂಳಿ ಕೆಡವಿದಾಗ ನನ್ನ ಎಬ್ಬಿಸಿದಾಂವ ಇಂವ! ಅವತ್ತಿಂದ ಗೂಳಿ ಹೊಡೀಲಿಕ್ಕೆ ಅಂತ ಹಿಂದ ಬರ್ತಾನ. ಮಡಿ ಅದ, ದೂರ ಇರು ಅಂತ ನಾನ ಕೈಸನ್ನಿ ಮಾಡಿ ಹೇಳೀನಿ!"

ಹೊಡೆಯುವವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಗಲ್ಲಿಯಲ್ಲಿ ಅರ್ಥವಾದದ್ದು ನನಗೊಬ್ಬನಿಗೇ.

ಚಿಕ್ಕಂದಿನಲ್ಲಿ ನಮ್ಮಜ್ಜಿ ಮಡಿಯುಟ್ಟು ಓಡಾಡುವಾಗ ನಾವೆಲ್ಲ ಗೋಡೆಗೆ ಅಂಟಿ ನಿಲ್ಲುತ್ತಿದ್ದೆವು. ಆ ಹತ್ತು ಹೆಜ್ಜೆಯ ಲೆಕ್ಕ ಸಾರನಾಥದ ಕಡೆಯಿಂದ ಹೂವು ತಂದು ಮಾರುವ ಆ ಮನುಷ್ಯನಿಗೆ, ಬನ್ಸಿಗೆ, ತಿಳಿಯಿತು. ನನಗೆ ತಿಳಿಯಲಿಲ್ಲ.

ಶಾಂತಕ್ಕ ತಲೆಯೆತ್ತಿ ಬಾಲ್ಕನಿಯಲ್ಲಿದ್ದ ನನ್ನನ್ನು ನೋಡಿದರು. "ಏ ತಮ್ಮಾ, ನೀ ಹೇಳಪಾ ಇವರಿಗೆ. ಹಿಂದ್ಯಾಗ ಹೇಳು!"

ಓಡಿ ಇಳಿದು ಹೇಳಿದೆ. ಒಳ್ಳೆಯ ಮನುಷ್ಯ, ಬಿಡಿ, ಯಾರೋ ತಪ್ಪು ತಿಳಿದು ಫೋಟೋ ಹಾಕಿದ್ದಾರೆ ಎಂದೆ.

ಯಾರೋ... ಅಷ್ಟು ಸಲೀಸಾಗಿ ಬಂತು ಆ ಮಾತು.

ಬನ್ಸಿಯ ಬಲಗೈ ಎರಡು ಕಡೆ ಮುರಿದಿತ್ತು, ಒಂದು ಕಿವಿ ಮಂದವಾಯಿತು. ಪೇಪರಿನಲ್ಲಿ ಮೂರು ಸಾಲು ಬಂತು, ಸಂಶಯದ ಮೇಲೆ ಗುಂಪಿನಿಂದ ಹಲ್ಲೆ ಎಂದು. ಅವತ್ತು ಅದನ್ನು ನಾನು ಗ್ರೂಪಿಗೆ ಹಾಕಲಿಲ್ಲ.

ಶಾಂತಕ್ಕ ಮಾತ್ರ ಸಿಕ್ಕವರಿಗೆಲ್ಲ ಹೇಳುತ್ತಾ ಬಂದರು, ಈ ತಮ್ಮನೇ ಅವನನ್ನು ಉಳಿಸಿದ್ದು ಎಂದು. ಗ್ರೂಪಿನಲ್ಲಿ ಮತ್ತೆ ಕೈಮುಗಿದ ಎಮೋಜಿಗಳು. ಫೋಟೋ ನನ್ನದೆಂದು ಗೊತ್ತಿದ್ದವರೂ ಸುಮ್ಮನಿದ್ದರು.

ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋದಾಗ ಬನ್ಸಿ ಕೇಳಿದ್ದು ಒಂದೇ ಮಾತು. "ಭೈಯಾ, ಮಾಈ ಕೇ ಘಾಟೇ ಕೇ ಲೇ ಜಾತ ಹೌ?" ಅಮ್ಮನನ್ನು ಘಾಟಿಗೆ ಈಗ ಯಾರು ಕರೆದುಕೊಂಡು ಹೋಗುತ್ತಾರೆ, ಎಂದು.

ಅವತ್ತಿನಿಂದ ನಾನೇ ಹೋಗುತ್ತಿದ್ದೇನೆ. ಕೋಲು ಹಿಡಿದು, ಹತ್ತು ಹೆಜ್ಜೆ ಹಿಂದೆ.

ಇವತ್ತು ಬೆಳಿಗ್ಗೆ ತಡೆಯಲಾಗಲಿಲ್ಲ. ನಡುಗಲ್ಲಿಯಲ್ಲಿ, ಹಿಂದಿನಿಂದಲೇ ಹೇಳಿದೆ. ಶಾಂತಕ್ಕಾ, ಆ ಫೋಟೋ ನಂದು.

ಅವರು ನಿಂತರು. ನಾನೂ ನಿಂತೆ. ಅವರು ತಿರುಗಿ ನೋಡಲಿಲ್ಲ.

"ನನ್ನ ಮುಂದ ಯಾಕ ಹೇಳ್ತೀ? ಹೊಡದವರು ಹಿಂದಿಯವರು, ಹೊಡಸ್ಕೊಂಡಾಂವ ಹಿಂದಿಯಾಂವ. ತಪ್ಪು ಒಪ್ಪೂದು ಕನ್ನಡದಾಗ ಏನು?"

ಅಷ್ಟು ಹೇಳಿ ನಡೆದರು.

ಇದನ್ನೇ ಹಿಂದಿಯಲ್ಲೂ ಬರೆದು ಮುಗಿಸಿದ್ದೇನೆ. ಗಲ್ಲಿಯ ಗ್ರೂಪ್ ತೆರೆದಿಟ್ಟುಕೊಂಡು ಕೂತು ಒಂದು ಗಂಟೆಯಾಯಿತು, ಬೆರಳು ಏಳುತ್ತಿಲ್ಲ...

ಆ ಫೋಟೋ ಕಳಿಸುವಾಗ ಇದೇ ಬೆರಳು ಒಂದು ಕ್ಷಣವಾದರೂ ಯಾಕೆ ಹಿಂಜರಿಯಲಿಲ್ಲ, ಹೇಳುತ್ತೀರಾ?