ಕಾಲು ನೀಡಿ ಕೂರಲು ಮತ್ತೆ ಕಲಿತದ್ದು

ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ನೀರೆರೆದವಳು ನಾನು. ಮಣೆಯ ಮೇಲೆ ಕೂತು, ಕಾಲು ಉದ್ದಕ್ಕೆ ನೀಡಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರೆ ಎಂಥ ರಚ್ಚೆ ಹಿಡಿಯುವ ಮಗುವೂ ಬೆಣ್ಣೆಯಾಗುತ್ತಿತ್ತು. ಈ ವರ್ಷ ಮೊಮ್ಮಗಳು ಹೆತ್ತು, ಮರ್ಫಿ ಟೌನಿನ ನಮ್ಮ ಮನೆಗೆ ಬಾಣಂತನಕ್ಕೆ ಬಂದಳು. ನಾನು ಸೀರೆ ಎತ್ತಿ ಸಿಕ್ಕಿಸಿ ಬಚ್ಚಲಲ್ಲಿ ಕೂತೆ. ಕೂತೆ ಅನ್ನುವುದೇನು, ಹಿಂದಕ್ಕೆ ಉರುಳಿದೆ. ಸೊಂಟ ಒಳಕ್ಕೆ ಮಡಚಿ ಬೆನ್ನು ಬಿಲ್ಲಾಗಿತ್ತು. ಪುಣ್ಯಕ್ಕೆ ಮಗು ಇನ್ನೂ ನನ್ನ ಮಗಳ ಕೈಯಲ್ಲೇ ಇತ್ತು.

"ಸಾಕು ಬಿಡಮ್ಮ, ಟಬ್ ತರಿಸ್ತೀನಿ," ಎಂದಳು ಮಗಳು.

"ಟಬ್ಬಲ್ಲಿ ಬಟ್ಟೆ ನೆನೆಹಾಕು. ಮಗೂನ ಯಾಕೆ?"

"ನಿನ್ ಬೆನ್ನು ನೆಟ್ಟಗಾದ್ರೆ ಮಗು ನಿನ್ದೇ. ಇಲ್ಲಾಂದ್ರೆ ಟಬ್ಬೇ."

ಹಟಕ್ಕೆ ಬಿದ್ದು ಇಂದಿರಾನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಬೆನ್ನಿನ ವಿಷಯ ಬಿಟ್ಟು ಮೊದಲು ನನ್ನ ಕೆಲಸದ ಬಗ್ಗೆ ವಿಚಾರಿಸಿದರು. ಹಲಸೂರು ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಿದ್ದೆ ಎಂದೆ.

"ಅಲ್ಲಿ ಬಾತ್‌ರೂಮಿಗೆ ಏನ್ ಮಾಡ್ತಿದ್ರಿ?"

"ಎಲ್ಲಿತ್ತಮ್ಮ ಬಾತ್‌ರೂಮು? ನಾವು ಹೂವಿನೋರು ಬೆಳಗ್ಗೆ ನೀರೇ ಕುಡೀತಿರ್ಲಿಲ್ಲ. ಬಿಗಿ ಹಿಡ್ಕೊಂಡು ಕೂತ್ರೆ ಮನೆಗೆ ಹೋದ್ಮೇಲೇನೇ. ಅದ್ರಲ್ಲಿ ನಾನೇ ಫಸ್ಟು!"

"ವ್ಯಾಪಾರ ಬಿಟ್ರೂ ಅದನ್ನ ಬಿಟ್ಟಿಲ್ಲ ಅಜ್ಜಿ. ಈಗ್ಲೂ ಹಿಡ್ಕೊಂಡೇ ಇದ್ದೀರ."

ಸೊಂಟದ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಜೋಲಿ ಕಟ್ಟಿದ ಹಾಗೆ ಸ್ನಾಯುಗಳಿವೆಯಂತೆ. ಮೂತ್ರಚೀಲ, ಗರ್ಭಕೋಶ ಎಲ್ಲವನ್ನೂ ಹೊತ್ತಿರುವುದು ಅವೇ. ಉಸಿರು ಎಳೆದಾಗ ಆ ಜೋಲಿ ಇಳಿಯಬೇಕು, ಬಿಟ್ಟಾಗ ಏರಬೇಕು. ಸದಾ ಬಿಗಿದೇ ಇದ್ದರೆ ಅದು ಬಾಲದ ಮೂಳೆಯನ್ನು ಒಳಕ್ಕೆ ಜಗ್ಗುತ್ತದೆ. ಸೊಂಟ ಮಡಚುತ್ತದೆ, ಬೆನ್ನು ಬಾಗುತ್ತದೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಇಷ್ಟು ಮಕ್ಕಳನ್ನು ಹೆತ್ತವಳಿಗೆ ಈ ವಯಸ್ಸಿನಲ್ಲಿ ತನ್ನದೇ ಮೈಯಲ್ಲಿ ಹೊಸದೊಂದು ಜಾಗ ಸಿಕ್ಕಿತ್ತು!

ಅವರು ನನ್ನನ್ನು ಮಗ್ಗುಲಿಗೆ ಮಲಗಿಸಿ, ಬಾಲದ ಮೂಳೆಯ ಅಂಚು, ಕುಂಡಿಯ ಆಳ, ತೊಡೆಯ ಒಳಬದಿಯನ್ನೆಲ್ಲ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು, ಬಿಗಿ ಸಡಿಲಲೆಂದು ಕಾದರು.

"ಮಸಾಜು ಅಂದ್ರೆ ಇಷ್ಟೇನಾ? ನಾವು ಚಪಾತಿ ಹಿಟ್ಟನ್ನೇ ಇದಕ್ಕಿಂತ ಜೋರಾಗಿ ನಾದ್ತೀವಿ."

"ಹಿಟ್ಟು ಹೆದರಲ್ಲ ಅಜ್ಜಿ. ಇದು ಹೆದರಿದೆ. ಮಾತು ನಿಲ್ಲಿಸಿ, ಹೊಟ್ಟೆ ತುಂಬ ಉಸಿರು ತಗೊಳ್ಳಿ."

ತೆಗೆದುಕೊಂಡೆ. ನೀರಲ್ಲಿ ನೆನೆದ ಬಾಳೆನಾರು ಮೆತ್ತಗಾಗುವ ಹಾಗೆ ಒಳಗೆ ಏನೋ ಸಡಿಲವಾಯಿತು. ಬೆಚ್ಚಗಾಯಿತು. ಉಸಿರಿನ ಜೊತೆ ಅದು ಇಳಿಯಿತು, ಏರಿತು, ಮತ್ತೆ ಇಳಿಯಿತು. ನಾನು ಹೇಳಿಕೊಡದೆಯೇ ಇಷ್ಟೆಲ್ಲ ನಡೆಯುತ್ತಿತ್ತು! ಮೈಮೇಲೆ ಮುಳ್ಳೆದ್ದವು.

ಒಂದೇ ಸಲಕ್ಕೆ ಬೆನ್ನೇನೂ ನೆಟ್ಟಗಾಗಲಿಲ್ಲ. ವಾರವಾರ ಹೋದೆ, ಮನೆಯಲ್ಲೂ ಉಸಿರಾಟದ ಅಭ್ಯಾಸ ಮಾಡಿದೆ. ಒಂದು ಬೆಳಗ್ಗೆ ಬಚ್ಚಲಲ್ಲಿ ಕಾಲು ನೀಡಿ ಕೂತೆ. ಉರುಳಲಿಲ್ಲ. ಮಗಳು ಮಗುವನ್ನು ಒಂದು ತೋಳಲ್ಲಿ ಎತ್ತಿಕೊಂಡು, ನನ್ನ ಹಿಂದೆಯೇ ಇನ್ನೊಂದು ಕೈ ಚಾಚಿ ನಿಂತಿದ್ದಳು.

"ಗೋಲ್‌ಕೀಪರ್ ತರ ನಿಂತ್ಕೋಬೇಡ, ಮಗು ಕೊಡು," ಎಂದೆ.

ಕೊಟ್ಟಳು. ಬಿಸಿನೀರು ಬೀಳುತ್ತಿದ್ದಂತೆ ಮಗು ಅಳು ನಿಲ್ಲಿಸಿ, ಕಾಲ್ಬೆರಳು ಅರಳಿಸಿ ಸುಮ್ಮನಾಯಿತು. ಸ್ನಾನ ಮುಗಿಸಿ, ಟವೆಲ್ಲಿನಲ್ಲಿ ಸುತ್ತಿ ಮೊಮ್ಮಗಳ ಕೈಗಿಟ್ಟೆ.

"ಏಳಕ್ಕೆ ಕೈ ಕೊಡ್ಲಾ ಅಮ್ಮ?" ಎಂದಳು ಮಗಳು.

"ನೀನು ಹೋಗು. ನಾನಿನ್ನೂ ಸ್ವಲ್ಪ ಹೊತ್ತು ಹೀಗೇ ಕೂತಿರ್ತೀನಿ."