ಎರಡು ಏಟು, ಬಿಟ್ಟು ಒಂದು

ದೆವ್ವ, ಭೂತ, ಶಕುನ, ಹಲ್ಲಿ ಲೊಚಗುಟ್ಟುವುದು, ಇದ್ಯಾವುದನ್ನೂ ನಾನು ನಂಬಿದವನಲ್ಲ. ಅದಕ್ಕಾಗಿ ದೊಡ್ಡ ಓದೇನೂ ಓದಲಿಲ್ಲ. ಪುರೋಹಿತರ ಮನೆಯಲ್ಲಿ ಹುಟ್ಟಿದ್ದೇ ಸಾಕಾಯಿತು. ಹೆದರಿಕೊಂಡು ಬಂದವರಿಗೆ ನಮ್ಮಪ್ಪ ಯಂತ್ರ ಬರೆದು ಕೊಡುತ್ತಿದ್ದರು. ಅದಕ್ಕೆ ತಾಮ್ರದ ತಗಡು ಕತ್ತರಿಸಿ, ಸುರುಳಿ ಸುತ್ತಿ, ಅರಗು ಹಾಕಿ ಮುಚ್ಚುತ್ತಿದ್ದವನು ನಾನು. ಅಪ್ಪನಿಗೆ ಅವಸರವಿದ್ದ ದಿನ ಏನೂ ಬರೆಯದ ತಗಡೇ ಸುರುಳಿಯಾಗುತ್ತಿತ್ತು. ಅದನ್ನು ಕಟ್ಟಿಕೊಂಡವರಿಗೂ ಜ್ವರ ಬಿಡುತ್ತಿತ್ತು! ಹಾಗಾಗಿ ಯಾರಾದರೂ ಇಂಥ ಕಥೆ ತೆಗೆದರೆ "ಸಾಕು ಮಾರಾಯ, ಬೇರೆ ಏನಾದ್ರೂ ಹೇಳು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನನ್ನ ಬುದ್ಧಿ ಅದೇ. ಆದರೆ ಒಂದು ಮಧ್ಯಾಹ್ನದ ವಿಷಯ ನೆನಪಾದರೆ ಮಾತ್ರ ನನ್ನ ಬಾಯೇ ಕಟ್ಟಿಹೋಗುತ್ತದೆ. ಅದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ಏನು ಬೇಕಾದರೂ ಅಂದುಕೊಳ್ಳಿ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಂತ್ರಕ್ಕೆ ಬೆನ್ನು ಹಾಕಿ ಶಿವಮೊಗ್ಗದಲ್ಲಿ ಕರೀಂ ಉಸ್ತಾದರ ಗ್ಯಾರೇಜು ಸೇರಿದ್ದೆ. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಅಮ್ಮ ಹಿತ್ತಲಲ್ಲಿ ನಾಲ್ಕು ಚೊಂಬು ನೀರು ಸುರಿಯದೆ ಒಳಗೆ ಬಿಡುತ್ತಿರಲಿಲ್ಲ. ಉಸ್ತಾದರು ಮಾತ್ರ ಬಹಳ ಪ್ರೀತಿಯಿಂದ "ಭಟ್ಟಾ" ಎಂದು ಕರೆದು, ಅತಿ ಹೊಲಸು ಕೆಲಸವನ್ನೇ ಕೊಡುತ್ತಿದ್ದರು.

ಉಸ್ತಾದರ ಬಾಯಲ್ಲಿ ಸದಾ ಎಲೆಅಡಿಕೆ. ಅದು ಬಾಯಲ್ಲಿರುವಷ್ಟು ಹೊತ್ತು ಅವರು ಮಾತಾಡುವುದಿಲ್ಲ. ಅಂಗಡಿಗೆ ಅಮಲ್ದಾರರೇ ಬಂದರೂ ಅಷ್ಟೆ, ತಲೆ ಅಲ್ಲಾಡಿಸಿ ಕಳಿಸುತ್ತಿದ್ದರು. ಜಾಕ್ ಮೇಲೆ ಚಕ್ರ ತಿರುಗುತ್ತಿರುವ ಗಾಡಿ ಕೆಳಗೆ ಅವರು ಮಲಗಿದರೆ ಸ್ಟೀರಿಂಗ್ ಹಿಡಿದು ಮೇಲೆ ನಾನು. ಎಂಜಿನ್ ಸದ್ದಿನಲ್ಲಿ ಕೂಗಿದರೂ ಕೇಳದು, ಇವರಂತೂ ಕೂಗುವ ಆಸಾಮಿಯೇ ಅಲ್ಲ. ಅದಕ್ಕೇ ಸ್ಪ್ಯಾನರಿನಿಂದ ಗಾಡಿಯ ಕಬ್ಬಿಣದ ಚಾಸಿಗೆ ಬಡಿದು ಹೇಳುತ್ತಿದ್ದರು. ಒಂದು ಏಟು ಬಿದ್ದರೆ ಎಡಕ್ಕೆ ತಿರುಗಿಸು. ಎರಡು ಬಿದ್ದರೆ ಬಲಕ್ಕೆ. ಎರಡು ಏಟು, ಸ್ವಲ್ಪ ಬಿಟ್ಟು ಇನ್ನೊಂದು ಬಿದ್ದರೆ ನಿಲ್ಲಿಸು. ಈ ಭಾಷೆ ನಮ್ಮಿಬ್ಬರದೇ, ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ಮೂರನೆಯ ಏಟಿಗೆ ನಾನು ತಡ ಮಾಡಿದರೆ ಕೆಳಗೆ ಅವರ ಬೆರಳು ಹೋಗುತ್ತಿತ್ತು. ಹಾಗಾಗಿ ಆ ಸದ್ದು ಕಿವಿಗೆ ಬಿದ್ದರೆ, ಬುದ್ಧಿಗೆ ತಿಳಿಯುವ ಮೊದಲೇ ನನ್ನ ಕಾಲು ಬ್ರೇಕಿನ ಮೇಲಿರುತ್ತಿತ್ತು.

ಹೀಗಿರುವಾಗ ಆಯನೂರಿನ ಮರದ ಕಂಟ್ರಾಕ್ಟರೊಬ್ಬರು ತಮ್ಮ ಜೀಪು ತಂದು ನಿಲ್ಲಿಸಿದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಹಿಂದಿನ ಚಕ್ರದ ಜೊತೆ ಮುಂದಿನ ಚಕ್ರಕ್ಕೂ ಗೇರ್ ಹಾಕಬಹುದು, ಎಂಥ ಕೆಸರಿನಿಂದಲೂ ಎದ್ದು ಬರುತ್ತದೆ. ಅದರ ಮುಂಭಾಗದಿಂದ ಟಕ್ ಅಂತ ಒಂದು ಸದ್ದು. ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ರಾಗಿಗುಡ್ಡದ ಹತ್ತಿರ ಬಂತು ಅಂತ ಮತ್ತೆ ಅಲ್ಲಿಗೇ ಒಯ್ದರೆ ತುಟಿಪಿಟಕ್ ಅನ್ನದು. ವಾಪಸು ಬರುವಾಗ ಸಪಾಟು ರಸ್ತೆಯಲ್ಲಿ ಟಕ್! ಮುಂದಿನ ಚಕ್ರದ ಗೇರ್ ಹಾಕಿದರೂ ಬಂತು, ತೆಗೆದರೂ ಬಂತು. ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿದೆವು. ಸ್ಪ್ರಿಂಗ್ ಪಟ್ಟಿ ಬಿಚ್ಚಿ ಕಟ್ಟಿದೆವು. ಉದ್ದದ ಸ್ಕ್ರೂಡ್ರೈವರಿನ ತುದಿ ಆಕ್ಸಲಿಗೆ ಕೊಟ್ಟು, ಹಿಡಿಗೆ ಕಿವಿ ಇಟ್ಟು ಡಾಕ್ಟರ ಹಾಗೆ ಆಲಿಸಿದೆವು. ಏನೂ ಇಲ್ಲ. ಕಂಟ್ರಾಕ್ಟರಿಗೆ ರೋಸಿಹೋಗಿ, "ಗಾಡಿಗೆ ಯಾರದೋ ದೃಷ್ಟಿ ಬಿದ್ದಿದೆ, ಚಕ್ರಕ್ಕೆ ನಿಂಬೆಹಣ್ಣು ಕೊಡಿ" ಅಂದರು. "ನಿಂಬೆಹಣ್ಣು ತನ್ನಿ ಸ್ವಾಮಿ, ಪಾನಕ ಮಾಡ್ತೀನಿ" ಅಂದೆ ನಾನು. ಉಸ್ತಾದರು ಕಣ್ಣಲ್ಲೇ ಗದರಿದರು.

ಒಂದು ಬೆಳಿಗ್ಗೆ ಉಸ್ತಾದರು ಬಹಳ ಹೊತ್ತು ಆ ಜೀಪಿನ ಕೆಳಗೇ ಇದ್ದರು. ಹೊರಗೆ ಬಂದಾಗ ಮುಖ ಅರಳಿತ್ತು. ಸಿಕ್ಕಿತು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. "ಏನು ಉಸ್ತಾದ್?" ಅಂದೆ. ತಾಳು ಎಂದು ಕೈ ತೋರಿಸಿದರು. ಎಲೆಅಡಿಕೆ ಉಗುಳಲು ಚರಂಡಿಯ ಕಡೆ ನಡೆದವರು ಅಲ್ಲೇ ಕುಸಿದು ಕೂತರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ತಂದು ಕಬ್ಬಿಣದ ಮಂಚದ ಮೇಲೆ ಮಲಗಿಸಿದಾಗ ನಾನು ಹೊರಗೆ ಬಂದು ಗೋಡೆಗೆ ಮುಖ ಕೊಟ್ಟು ಅತ್ತೆ. ಅಪ್ಪ ಇದ್ದೂ ಇಲ್ಲದವನಿಗೆ ಅಪ್ಪನಾಗಿದ್ದವರು ಅವರು.

ಜೀಪು ನನ್ನ ತಲೆಗೆ ಬಂತು. ಉಸ್ತಾದರು ಏನು ಕಂಡರೋ ದೇವರೇ ಬಲ್ಲ. ನಾನು ಮುಂದಿನ ಎರಡೂ ಚಕ್ರದ ಬೇರಿಂಗ್ ಬದಲಿಸಿದೆ. ಸದ್ದು ನಿಂತಿತು! ಗಾಜನೂರಿನ ತನಕ ಹೋಗಿ ಬಂದೆ, ಮಾರನೇ ದಿನವೂ ಹೋದೆ. ಒಂದು ಟಕ್ ಇಲ್ಲ. ಗೆದ್ದೆ ಅಂದುಕೊಂಡೆ.

ಉಸ್ತಾದರಿಗೆ ಒಬ್ಬಳೇ ಮಗಳು, ನೂರ್. ಅವಳನ್ನು ಭದ್ರಾವತಿಗೆ ಕೊಟ್ಟಿತ್ತು. ಅಳಿಯನಿಗೆ ಕಾರ್ಖಾನೆಯಲ್ಲಿ ಕೆಲಸ. ಅವಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಅದೂ ಅಲ್ಲದೆ ಅಪ್ಪನನ್ನು ನೋಡಬೇಕೆಂದು ಅವಳು ಊಟ ಬಿಟ್ಟು ಕೂತಿದ್ದಳಂತೆ. ಬಸ್ಸಿನ ಕುಲುಕಾಟಕ್ಕೆ ಉಸ್ತಾದರ ಹೆಂಡತಿ, ಅಂದರೆ ನಮ್ಮ ಚಾಚಿ, ಹೆದರಿದರು. ಕಂಟ್ರಾಕ್ಟರನ್ನು ಕೇಳಿದೆ. "ಹೆಣ್ಣುಮಗಳನ್ನು ತವರಿಗೆ ಕರೆತರೋದಕ್ಕೆ ಕೇಳೋದೇನು ಬಂತು, ತಗೊಂಡು ಹೋಗು" ಅಂದರು. ಮಗಳನ್ನು ಕರೆತರುತ್ತೇವೆ ಎಂದಷ್ಟೇ ಉಸ್ತಾದರಿಗೆ ಹೇಳಿ, ಚಾಚಿ ಮತ್ತು ನಾನು ಹೊರಟೆವು. ಹೇಗೆ ಹೋಗುತ್ತೇವೆ ಅಂತ ಅವರು ಕೇಳುವ ಹಾಗಿರಲಿಲ್ಲ, ನಾವೂ ಹೇಳಲಿಲ್ಲ.

ಹೋಗುವಾಗ ಜೀಪು ಬೆಣ್ಣೆಯ ಹಾಗೆ ಹೋಯಿತು. ಅಳಿಯನ ಮನೆಯಲ್ಲಿ ಊಟ ಮುಗಿಸಿ ಮಧ್ಯಾಹ್ನ ವಾಪಸು ಹೊರಟೆವು. ಹಿಂದಿನ ಸೀಟಿನ ಮೇಲೆ ಹತ್ತಿಯ ಹಾಸಿಗೆ ಹಾಸಿ ನೂರ್ ಕೂತಿದ್ದಳು, ಪಕ್ಕದಲ್ಲಿ ಚಾಚಿ. ದಾರಿಯಲ್ಲಿ ಒಂದು ಕೆರೆ ಏರಿ ಬರುತ್ತದೆ. ರಸ್ತೆ ಅದರ ಮೇಲೇ ಹೋಗಿ ಕೊನೆಯಲ್ಲಿ ಬಲಕ್ಕೆ ತಿರುಗುತ್ತದೆ. ಎಡಕ್ಕೆ ತುಂಬಿದ ಕೆರೆ, ತಡೆಗೋಡೆ ಇಲ್ಲ. ಒಳ್ಳೇ ಬಿಸಿಲು. ನಾನು ಹಾಡು ಗುನುಗುತ್ತಾ ಏರಿಗೆ ಹತ್ತಿಸುತ್ತಿದ್ದೆ.

ಟಕ್ ಟಕ್. ಟಕ್.

ಕಾಲು ಬ್ರೇಕ್ ಒತ್ತಿತ್ತು. ಗಾಡಿ ನಿಂತ ಮೇಲೆ ನನಗೆ ತಿಳಿದದ್ದು, ನಾನು ನಿಲ್ಲಿಸಿದೆ ಅಂತ.

"ಏನಾಯ್ತು ಬೇಟಾ?" ಅಂದರು ಚಾಚಿ.

"ಸದ್ದು ಕೇಳಲಿಲ್ವಾ? ಸ್ಪ್ಯಾನರಲ್ಲಿ ಬಡಿದ ಹಾಗೆ?"

"ಯಾವ ಸದ್ದು?" ಚಾಚಿ ಮಗಳ ಮುಖ ನೋಡಿದರು. ನೂರ್ ತಲೆ ಅಲ್ಲಾಡಿಸಿ, "ಇಲ್ಲ ಭಾಯ್, ಎಂಜಿನ್ ಬಿಟ್ಟರೆ ಏನೂ ಇಲ್ಲ" ಅಂದಳು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಮುಂದೆ ಹೋಗೋಣವೆಂದು ಗೇರಿಗೆ ಕೈ ಹಾಕಿದೆ. ಕೈ ಬರಲಿಲ್ಲ. ಉಸ್ತಾದರು ನಿಲ್ಲಿಸು ಅಂದ ಮೇಲೆ, ಅವರು ಹೊರಗೆ ಬರುವ ತನಕ ನಾನು ಗಾಡಿ ಕದಲಿಸಿದವನಲ್ಲ. ಹಾಳಾಗಿ ಹೋಗಲಿ ಎಂದು ಇಳಿದು ಕೆಳಗೆ ತೂರಿದೆ.

ಸ್ಟೀರಿಂಗಿನಿಂದ ಮುಂದಿನ ಚಕ್ರಗಳ ಕಡೆಗೆ ಒಂದು ಕಂಬಿ ಹೋಗುತ್ತದೆ. ನಾವು ತಿರುಗಿಸಿದ್ದು ಚಕ್ರಕ್ಕೆ ಮುಟ್ಟುವುದು ಅದರಿಂದಲೇ. ಕಂಬಿಯ ತುದಿಯಲ್ಲೊಂದು ಬಿರಡೆ, ಅಂದರೆ ನಟ್ಟು, ಅದು ಬಿಚ್ಚಿಕೊಳ್ಳದ ಹಾಗೆ ಒಂದು ಸಣ್ಣ ಪಿನ್ನು. ಕಾಡಿನ ಕೆಸರು ಅಲ್ಲಿ ಕಲ್ಲಿನ ಹಾಗೆ ಕಟ್ಟಿ ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ಆ ಕೆಸರಿನಲ್ಲಿ ಒಂದು ಕಡೆ ಯಾರೋ ಉಗುರಿನಿಂದ ಕೆರೆದ ಗುರುತು ಕಂಡಿತು. ನಾನು ಕೆರೆದವನಲ್ಲ. ಉಳಿದದ್ದನ್ನು ಕೆರೆದೆ. ಪಿನ್ನು ತುಕ್ಕು ಹಿಡಿದು ಮುರಿದುಹೋಗಿತ್ತು. ಬಿರಡೆ ಕೊನೆಯ ಸುತ್ತಿನಲ್ಲಿ ನೇತಾಡುತ್ತಿತ್ತು, ಬೆರಳು ತಾಗಿಸಿದರೆ ಕೈಗೇ ಬಂತು! ಮುಂದೆ ಹೋಗಿದ್ದರೆ ಏರಿಯ ತಿರುವಿನಲ್ಲಿ ನಾನು ಸ್ಟೀರಿಂಗ್ ಬಲಕ್ಕೆ ತಿರುಗಿಸುತ್ತಿದ್ದೆ, ಚಕ್ರ ನೆಟ್ಟಗೆ ಕೆರೆಗೆ ಹೋಗುತ್ತಿತ್ತು.

ಕೆಳಗಿನಿಂದ ಬಂದು ಏರಿಯ ಮೇಲೆ ಕೂತುಬಿಟ್ಟೆ. ಬಿರಡೆ ತೋರಿಸಿ ವಿಷಯ ಹೇಳಿದಾಗ ಚಾಚಿ "ಯಾ ಅಲ್ಲಾ" ಎಂದು ಮಗಳನ್ನು ಅಪ್ಪಿಕೊಂಡರು, ಆಮೇಲೆ ನನ್ನ ತಲೆಯನ್ನೂ ಎಳೆದು ಎದೆಗೊತ್ತಿಕೊಂಡರು. ಮೂವರೂ ಅತ್ತೆವು. ಅಳುತ್ತಲೇ ನೂರ್, "ಭಾಯ್ ಮುಖ ನೋಡಿ, ಮಸಿಯಲ್ಲಿ ಕಣ್ಣೀರು ಹರಿದು ಹುಲಿವೇಷ ಆಗಿದೆ" ಅಂದಳು. ನಗು ಬಂತು ನೋಡಿ, ತಡೆಯಲಾರದ ನಗು. ಹೋದ ಜೀವ ಬಂದವರು ಹೇಗೆ ನಗುತ್ತಾರೆ ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಬಿರಡೆ ಬಿಗಿ ಮಾಡಿ, ಪಿನ್ನಿನ ತೂತಿಗೆ ತಂತಿ ಕಟ್ಟಿ, ಎತ್ತಿನಗಾಡಿಯ ವೇಗದಲ್ಲಿ ಶಿವಮೊಗ್ಗ ಮುಟ್ಟಿಸಿದೆ.

ಬಾಗಿಲಲ್ಲೇ ಉಸ್ತಾದರ ಅಕ್ಕ, ನಾವೆಲ್ಲ ಫೂಫಿ ಅನ್ನುತ್ತಿದ್ದವರು, ಜಗಳಕ್ಕೆ ನಿಂತಿದ್ದರು. ಉಸ್ತಾದರನ್ನು ನೋಡಿಕೊಳ್ಳಲು ಅವತ್ತು ಮನೆಯಲ್ಲಿದ್ದದ್ದು ಅವರೊಬ್ಬರೇ. ಯಾರನ್ನಾದರೂ ಕರೆಯಬೇಕಾದರೆ ಬಡಿಯಲಿ ಅಂತ ಉಸ್ತಾದರ ಎಡಗೈಗೆ ಒಂದು ಸ್ಪ್ಯಾನರ್ ಕೊಟ್ಟಿದ್ದೆವು.

"ಆ ಸ್ಪ್ಯಾನರ್ ಕೊಟ್ಟವನು ಯಾರೋ! ಮಧ್ಯಾಹ್ನ ಪೂರಾ ನನ್ನ ತಲೆ ತಿಂದುಬಿಟ್ಟ. ಮಗಳು ಆ ಜೀಪಲ್ಲಿ ಆರಾಮಾಗಿ ಬರ್ತಾಳೆ, ಚಿಂತೆ ಬಿಡು ಅಂದೆ. ಅಷ್ಟೇ ಅಂದಿದ್ದು! ಮಂಚಕ್ಕೆ ಬಡಿಯೋಕೆ ಶುರು ಮಾಡಿದ. ನೀರಾ ಅಂದ್ರೆ ಅಲ್ಲ, ದಿಂಬಾ ಅಂದ್ರೆ ಅಲ್ಲ. ಕೈಯೆಲ್ಲ ಬೊಬ್ಬೆ. ಆಮೇಲೆ ತಟ್ಟನೆ ನಿಲ್ಲಿಸಿ ನಿದ್ದೆ ಹೋದ."

"ಹೇಗೆ ಬಡಿದರು ಫೂಫಿ?" ಅಂದೆ.

ಫೂಫಿ ಬೆರಳ ಗೆಣ್ಣಿನಿಂದ ಬಾಗಿಲಿಗೆ ಬಡಿದು ತೋರಿಸಿದರು. ಎರಡು. ಸ್ವಲ್ಪ ಬಿಟ್ಟು, ಒಂದು.

ಇದಕ್ಕೆ ನಾನು ಲೆಕ್ಕ ಹಾಕದೆ ಬಿಟ್ಟಿಲ್ಲ. ಲಕ್ವ ಹೊಡೆದ ದಿನ ಉಸ್ತಾದರಿಗೆ ಆ ಪಿನ್ನು ಸಿಕ್ಕಿತ್ತು, ಕೆಸರಿನಲ್ಲಿದ್ದದ್ದು ಅವರ ಉಗುರಿನ ಗುರುತು. ಮಗಳು ಅದೇ ಜೀಪಿನಲ್ಲಿ ಬರುತ್ತಾಳೆಂದು ತಿಳಿದು ಹುಚ್ಚು ಹಿಡಿದವರಂತೆ ಬಡಿದರು. ಅದೆಲ್ಲ ಸರಿ, ಯಾವ ತಂದೆಯಾದರೂ ಬಡಿಯುತ್ತಾನೆ. ಸಡಿಲಾದ ಬಿರಡೆ ಯಾವಾಗಲೋ ಒಮ್ಮೆ ಟಕ್ ಅನ್ನುತ್ತದೆ, ನಡುವೆ ಎರಡು ದಿನ ಸುಮ್ಮನೂ ಇರುತ್ತದೆ, ಅದೂ ಸರಿ. ಆದರೆ ಹಿಂದೆ ಕೂತವರಿಗೆ ಅದು ಯಾಕೆ ಕೇಳಲಿಲ್ಲ? ಎರಡು ಏಟು, ಬಿಟ್ಟು ಒಂದು, ಆ ಲೆಕ್ಕದಲ್ಲೇ ಯಾಕೆ ಬಂತು?

ನೂರ್ ಸುಖವಾಗಿ ಹೆತ್ತಳು, ಹೆಣ್ಣುಮಗು. ಅದು ಅಂಬೆಗಾಲಿಡುವ ಹೊತ್ತಿಗೆ ಉಸ್ತಾದರು ಎದ್ದು ಕೂರುವಂತಾದರು; ತೊದಲು ತೊದಲಾಗಿ ನಾಲ್ಕು ಮಾತೂ ಬಂತು. ಒಂದು ಸಂಜೆ ಮೊಮ್ಮಗಳು ಅವರ ಮಡಿಲಲ್ಲಿದ್ದಳು. ಬೇರೆ ಯಾರೂ ಇರಲಿಲ್ಲ. ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಉಸ್ತಾದ್, ಅವತ್ತು ನೀವು ಬಡಿದದ್ದು ನನಗೆ ಕೇಳಿಸ್ತು. ಅದು ಹೇಗೆ?"

ಅವರು ಎಲೆಅಡಿಕೆ ಡಬ್ಬಿಯ ಕಡೆ ಕಣ್ಣು ತೋರಿಸಿದರು. ಡಾಕ್ಟರು ಬೇಡ ಅಂದಿದ್ದರು. ಮಡಿಸಿ ಕೊಟ್ಟೆ. ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯುತ್ತಾ ಕೂತರು. ಇನ್ನು ಉತ್ತರ ಬರುವುದಿಲ್ಲ ಅನ್ನುವುದು ನನಗೆ ಗೊತ್ತಲ್ಲ!

ಆದರೂ ತಡೆಯಲಾಗದೆ, "ಉಸ್ತಾದ್..." ಅಂದೆ.

ಅವರು ಕಣ್ಣು ತೆರೆಯಲಿಲ್ಲ. ಎಡಗೈ ಮಂಚದ ಕಂಬಿಗೆ ಹೋಯಿತು. ಎರಡು ಸಲ ಬಡಿದರು. ಸ್ವಲ್ಪ ಬಿಟ್ಟು, ಇನ್ನೊಂದು.

ನಾನು ನಿಲ್ಲಿಸಿದೆ.