ಗುಂಡಿ ರಟ್ಟಿನ ವಂದನಾರ್ಪಣೆ

ಹಾಡುವವರು ಮಂಗಳ ಮುಗಿಸುವ ಮೊದಲೇ ಜನ ಕಾಲಿನಲ್ಲಿ ಚಪ್ಪಲಿ ತಡಕುವುದು ಚಾಮರಾಜಪೇಟೆಯ ಹಳೆಯ ಪದ್ಧತಿ. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಮಾತ್ರ ಎಲ್ಲರೂ ಕೂತೇ ಇರುತ್ತಿದ್ದರು. ಆ ಹೊತ್ತಿಗೆ ಮುದ್ದಪ್ಪನವರು ಮೈಕಿನ ಮುಂದೆ ಬಂದು, ಬಿಳಿ ಅಂಗಿಯ ಜೇಬಿನಿಂದ ಒಂದು ರಟ್ಟು ತೆಗೆದು, ಕಣ್ಣಿನಿಂದ ಒಂದು ಮೊಳ ದೂರ ಹಿಡಿಯುತ್ತಿದ್ದರು. ಅದು ಅಂಗಿಯ ಗುಂಡಿಗಳನ್ನು ಡಜನ್ ಲೆಕ್ಕದಲ್ಲಿ ಹೊಲಿದಿಡುವ ರಟ್ಟು. ಗುಂಡಿ ಮಾರಿಹೋದ ಮೇಲೆ ಉಳಿದ ಅದರ ಬೆನ್ನಿಗೆ ಅವತ್ತು ವಂದಿಸಬೇಕಾದವರ ಹೆಸರುಗಳನ್ನು ಬರೆದುಕೊಂಡಿರುತ್ತಿದ್ದರು.

"ಎದ್ದೋಗೋರು ಎದ್ದೋಗ್ಬೋದು, ನಾನೇನೂ ಬೇಜಾರು ಮಾಡ್ಕಳಲ್ಲ. ಆದ್ರೆ ನಿಮ್ಮೆಸ್ರೂ ಇದ್ರಲ್ಲಿರ್ಬೋದು, ನೋಡ್ಕಳಿ" ಎಂದು ಅವರು ಶುರು ಮಾಡಿದರೆ ಏಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಮುದ್ದಪ್ಪನವರಿಗೆ ಮಾಮೂಲ್‌ಪೇಟೆಯಲ್ಲಿ ಗುಂಡಿ, ಲೇಸು, ದಾರಗಳ ಅಂಗಡಿ. ನಾಲ್ಕು ಜನ ಗಿರಾಕಿಗಳು ಒಳಗೆ ನಿಂತರೆ ಐದನೆಯವರು ಬೀದಿಯಲ್ಲೇ ಕಾಯಬೇಕು. ಮಾಗಡಿ ಕಡೆಯ ರಾಗಿ ಹೊಲದ ಮನೆಯಿಂದ ಬಂದವರು, ಓದಿದ್ದು ಎಂಟನೇ ಕ್ಲಾಸು. ಅವರಿಗೆ ರಾಗಗಳ ಹೆಸರು ಗೊತ್ತಿರಲಿಲ್ಲ. ಗೊತ್ತಿರುವವರ ಹಾಗೆ ತಲೆದೂಗುವ ಚಟವೂ ಇರಲಿಲ್ಲ. "ನಂಗೆ ಗೊತ್ತಾಗಲ್ಲಮ್ಮ. ಆದ್ರೆ ತೋಳ್ಮೇಲಿನ ಕೂದ್ಲಿಗೆ ಗೊತ್ತಾಗುತ್ತೆ" ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಬ್ಯಾಂಕಿನಲ್ಲಿ ಗುಮಾಸ್ತೆ, ಸಂಜೆಗೆ ಸಂಘದ ಕಾರ್ಯದರ್ಶಿ. ತಿಂಗಳ ಕೊನೆಯ ಭಾನುವಾರ ಒಂದು ಪುಟ್ಟ ಸಭಾಂಗಣದಲ್ಲಿ ಒಮ್ಮೆ ಕಛೇರಿ, ಒಮ್ಮೆ ಕಥೆಯೋ ಕವಿತೆಯೋ ಓದುವುದು, ಹೀಗೆ ನಡೆಸುತ್ತಿದ್ದೆವು. ಒಂದು ಭಾನುವಾರ ವಂದಿಸಬೇಕಾದವರ ಗಂಟಲು ಕಟ್ಟಿತು. ಮೊದಲ ಸಾಲಿನಲ್ಲಿ ಕೈಗೆ ಸಿಕ್ಕ ಮುದ್ದಪ್ಪನವರನ್ನು ನಾನೇ ಮೈಕಿಗೆ ತಳ್ಳಿದೆ. ಅವರು "ಎಲ್ಲರಿಗೂ" ಎನ್ನುವಷ್ಟರಲ್ಲಿ ಸಭಾಂಗಣ ಬರಿದಾಯಿತು. ಉಳಿದವರು ಮೂವರು: ತಂಬೂರಿಗೆ ಗವಸು ಹಾಕುತ್ತಿದ್ದ ಹೆಂಗಸು, ಮೈಕಿನವನು, ನಾನು.

"ಖಾಲಿ ಕುರ್ಚಿಗಳ್ಗೆ ಕೈ ಮುಗ್ದಂಗಾಯ್ತು. ಇವ್ರನ್ನೆಲ್ಲ ಕೂರುಸ್ತೀನಿ, ನೋಡ್ತಿರಿ" ಎಂದರು. ಬಾಯಿ ನಗುತ್ತಿತ್ತು, ಕಿವಿ ಕೆಂಪಾಗಿತ್ತು.

ಮುಂದಿನ ತಿಂಗಳಿನಿಂದ ಅವರು ಎಲ್ಲರಿಗಿಂತ ಒಂದು ಗಂಟೆ ಮೊದಲು ಬರತೊಡಗಿದರು. ಮೂಲೆಯಲ್ಲಿ ಕೂತು ಯಾರು ಕುರ್ಚಿ ಹಾಕಿದರು, ಯಾರ ಮನೆಯಿಂದ ಜಮಖಾನ ಬಂತು, ಯಾರು ಹೂಜಿಗೆ ನೀರು ತುಂಬಿದರು ಎಂದು ನೋಡಿ ಬರೆದುಕೊಳ್ಳುವರು. ಹೆಸರು ಗೊತ್ತಿಲ್ಲದಿದ್ದರೆ ಹೋಗಿ ಕೇಳುವರು. ವಂದಿಸುವಾಗ ಮೊದಲ ಹೆಸರು ಅವತ್ತು ಕುರ್ಚಿ ಹಾಕಿದವರದು, ಅಧ್ಯಕ್ಷರದು ಕಟ್ಟಕಡೆಗೆ. ಮೂರನೇ ಸಾಲಿನಲ್ಲಿ ಕೆಮ್ಮು ತಡೆದುಕೊಂಡು ಆಲಾಪನೆ ಮುಗಿದ ಮೇಲೆ ಕೆಮ್ಮಿದವರಿಗೂ ಒಂದು ವಂದನೆ ಇರುತ್ತಿತ್ತು. ಅಧ್ಯಕ್ಷರು ಮೊದಮೊದಲು ಮುಖ ಗಂಟಿಕ್ಕಿದರು. ಆಮೇಲೆ ಅವರೂ ಕುರ್ಚಿ ಹಾಕಲು ಬೇಗ ಬರತೊಡಗಿದರು.

ಒಮ್ಮೆ ಹಾಡು ರಂಗೇರಿದ ಹೊತ್ತಿಗೆ ಕರೆಂಟು ಹೋಯಿತು. ಗಾಯಕಿ ನಿಲ್ಲಿಸಲಿಲ್ಲ, ಮೈಕಿಲ್ಲದೆ ಅರ್ಧ ಗಂಟೆ ಹಾಡಿದರು. ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಗೆ ಮುಖ ಒತ್ತಿ ನಿಂತರು. ಕೊನೆಗೆ ಮುದ್ದಪ್ಪನವರು ಮೇಣದ ಬತ್ತಿಯ ಬೆಳಕಲ್ಲಿ ರಟ್ಟು ಹಿಡಿದು, "ಕರೆಂಟ್ ತೆಗ್ದೋರ್ಗೂ ಒಂದು ನಮಸ್ಕಾರ. ಅವ್ರು ತೆಗೀದಿದ್ರೆ ಈ ಗಂಟ್ಲು ಎಷ್ಟು ದೊಡ್ದು ಅಂತ ನಮ್ಗೆ ಗೊತ್ತಾಗ್ತಿರ್ಲಿಲ್ಲ" ಎಂದರು. ಗಾಯಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಹೆಸರು ಬಿಟ್ಟುಹೋದರೆ ಮಾತ್ರ ಅವರಿಗೆ ಅನ್ನ ಸೇರುತ್ತಿರಲಿಲ್ಲ. ನಮಗೆಲ್ಲ ಪ್ರತಿ ತಿಂಗಳು ಕಾಫಿ ಮಾಡಿ ತರುತ್ತಿದ್ದ ಜಾನಕಮ್ಮನವರನ್ನು ಒಂದು ಸಲ ಮರೆತರು. ಮರುದಿನ ಅಂಗಡಿ ತೆಗೆಯುವ ಮೊದಲೇ ಅವರ ಮನೆ ಬಾಗಿಲಿಗೆ ಹೋಗಿ, ನೆಟ್ಟಗೆ ನಿಂತು, ರಟ್ಟು ನೋಡಿ ವಂದನಾರ್ಪಣೆ ಮಾಡಿದರಂತೆ. ಬಟ್ಟೆ ಹಿಂಡುತ್ತಿದ್ದ ಜಾನಕಮ್ಮ ಪೂರ್ತಿ ಕೇಳಿಸಿಕೊಂಡು, "ಇಲ್ಲಿ ಹೇಳಿ ಏನ್ರೀ ಪ್ರಯೋಜನ? ನಮ್ಮನೆಯವರಿಗೆ ಕಿವಿ ಕೇಳ್ಸಲ್ಲ. ಮುಂದಿನ ತಿಂಗಳು ಮೈಕಲ್ಲಿ ಹೇಳಿ" ಎಂದರಂತೆ. ಮುಂದಿನ ತಿಂಗಳು ಆ ಹೆಸರು ಎರಡು ಸಲ ಬಂತು.

ನನಗೆ ಗಡಿಯಾರದ ಕಾಯಿಲೆ. ಆರಕ್ಕೆ ಎಂದರೆ ಆರಕ್ಕೇ ಬರುವವಳು, ಎಂಟಕ್ಕೆ ಎಂದರೆ ಎಂಟಕ್ಕೇ ಬೀಗ ಹಾಕಿಸುವವಳು. ಒಂದು ಕವಿತಾ ವಾಚನ ತಡವಾಗಿ ಮುಗಿದು, ಎಂಟು ದಾಟಿದರೂ ಮುದ್ದಪ್ಪನವರ ರಟ್ಟು ಅರ್ಧಕ್ಕೇ ಬಂದಿತ್ತು. ಹಿಂದಿನಿಂದ ಹೋಗಿ ಅಂಗಿ ಜಗ್ಗಿದೆ. ಅವರು ತಿರುಗಿ ನೋಡಿ, "ಕಾರ್ಯದರ್ಶಿಯೋರು ಮುಗ್ಸಿ ಅಂತವ್ರೆ, ಮುಗ್ಸಿದೀನಿ" ಎಂದು ರಟ್ಟನ್ನು ಜೇಬಿಗಿಟ್ಟರು.

ಮೆಟ್ಟಿಲಿಳಿಯುವಾಗ ಮೆಲ್ಲಗೆ ಹೇಳಿದರು: "ಹಾಡೋರ್ಗೆ ಚಪ್ಪಾಳೆ ಸಿಗುತ್ತೆ, ಓದೋರ್ಗೆ ಶಾಲು ಸಿಗುತ್ತೆ. ನೀರಿಟ್ಟೋರ್ಗೆ, ಹೂವು ತಂದೋರ್ಗೆ ಇದೊಂದೇ ಕಣಮ್ಮ ಸಿಗೋದು. ಅರ್ಧಕ್ಕೆ ನಿಲ್ಲುಸ್ಬೇಡಿ."

ನನಗೆ ನಾಚಿಕೆಯಾಯಿತು. ಆಮೇಲೆ ಎಂದೂ ಅವರ ಅಂಗಿ ಜಗ್ಗಲಿಲ್ಲ. ಆದರೆ ಒಂದು ಗಂಟೆ ಮೊದಲು ಹೋಗಿ ಅವರ ಪಕ್ಕ ಕೂತು ನೋಡಲೂ ಇಲ್ಲ. ಆ ಕೆಲಸಕ್ಕೆ ಅವರಿದ್ದಾರಲ್ಲ ಎಂದುಕೊಂಡೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವಾಗ ಮುದ್ದಪ್ಪನವರು ಕುಸಿದು ಕೂತವರು ಮತ್ತೆ ಏಳಲಿಲ್ಲ. ಮುಂದಿನ ಭಾನುವಾರ ಅದೇ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ. ನಾನು ಎಂದಿನಂತೆ ಆರಕ್ಕೆ ಸರಿಯಾಗಿ ಹೋದೆ. ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿದ್ದರು. ನಾಲ್ಕು ಜನ ಮಾತಾಡಿದರು. ಕೊನೆಗೆ ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಂತೆವು.

ಶ್ರದ್ಧಾಂಜಲಿ ಸಭೆಗೆ ವಂದನಾರ್ಪಣೆ ಇರುವುದಿಲ್ಲ. ಮೌನ ಮುಗಿದ ಮೇಲೆ ಮನೆಗೆ ಹೋಗುವುದೇ ಪದ್ಧತಿ. ಆದರೆ ನಿಂತಿದ್ದವರೆಲ್ಲ ಮತ್ತೆ ಕೂತರು. ಅಧ್ಯಕ್ಷರು "ಸಭೆ ಮುಗಿಯಿತು" ಎಂದರು. ಒಬ್ಬರೂ ಏಳಲಿಲ್ಲ, ಚಪ್ಪಲಿಯ ಸದ್ದೂ ಇಲ್ಲ. ಅಷ್ಟು ವರ್ಷ ಅವರು ಕೂರಿಸಿ ಕೂರಿಸಿ ಅಭ್ಯಾಸ ಮಾಡಿಸಿದ್ದರು.

ಮುಂದಿನ ಸಾಲಿನಿಂದ ಜಾನಕಮ್ಮ ನನ್ನ ಕಡೆ ತಿರುಗಿ, "ನೀವೇ ಹೇಳ್ರೀ. ಹೇಳ್ದೆ ನಾವು ಹೇಗ್ರೀ ಏಳೋದು?" ಎಂದರು.

ಮೈಕಿನ ಹತ್ತಿರ ಹೋದೆ. ಕೈಯಲ್ಲಿ ರಟ್ಟಿರಲಿಲ್ಲ. ಮೊದಲು ಕುರ್ಚಿ ಹಾಕಿದವರ ಹೆಸರು ಹೇಳಬೇಕು. ಬಾಯಿ ತೆರೆದೆ, ಹೆಸರು ಗೊತ್ತಿರಲಿಲ್ಲ. ಮುದ್ದಪ್ಪನವರು ಇಲ್ಲ ಎನ್ನುವುದು ನನಗೆ ನಿಜವಾಗಿ ತಿಳಿದದ್ದು ಆಗ. ಮೈಕಿನಲ್ಲೇ ಕೇಳಿದೆ:

"ಇವತ್ತು ಕುರ್ಚಿ ಹಾಕಿದ್ದು ಯಾರು?"

ಹಿಂದಿನ ಗೋಡೆಯ ಹತ್ತಿರ ಸಂಕೋಚದಿಂದ ಒಂದು ಕೈ ಮೇಲೆದ್ದಿತು. ಚೀಲದಲ್ಲಿದ್ದ ಸಭೆಯ ಕರಪತ್ರವನ್ನು ಮಗುಚಿ ಹಿಡಿದು, ಹೆಸರು ಕೇಳಿ ಬರೆದುಕೊಂಡೆ.